ಬಿಳಿ ಕೋಲು ಮತ್ತು ಅವ್ವನ ಶರತ್ತು

ಬಿಳಿ ಕೋಲು ಹಿಡಿದು ನಮ್ಮೂರು ಮೊರಬದ ರಸ್ತೆಗೆ ಇಳಿದರೆ, ಮನೆ ಮುಟ್ಟುವಷ್ಟರಲ್ಲಿ ಏನಾದರೂ ಒಂದು ಆಗದೇ ಇರುವುದಿಲ್ಲ. ನಾನು ಇಲ್ಲಿನ ಶಾಲೆಯ ಟೀಚರು, ಊರವರ ಬಾಯಲ್ಲಿ ಅಕ್ಕೋರು. ಕೆಲವು ವರ್ಷಗಳ ಹಿಂದೆ ಕಣ್ಣು ಪೂರ್ತಿ ಹೋಯಿತು. ಹುಬ್ಬಳ್ಳಿಗೆ ಹೋಗಿ ಕೋಲು ಹಿಡಿದು ನಡೆಯುವುದನ್ನು ಕಲಿತು ಬಂದೆ. ಆದರೂ ತಮ್ಮನೇ ಬೈಕಿನ ಮೇಲೆ ಕರೆದೊಯ್ದು ಶಾಲೆಗೆ ಬಿಡುತ್ತಿದ್ದ, ಸಂಜೆ ಕರೆತರುತ್ತಿದ್ದ. ಅವನು ಮರೆತ ದಿನ ನಾನು ಗೇಟಿನ ಬಳಿ ಗೊಬ್ಬರದ ಚೀಲದಂತೆ ಕುಳಿತಿರಬೇಕು. ಒಂದು ಸಂಜೆ ಸಿಟ್ಟು ನೆತ್ತಿಗೇರಿತು.

"ನಾಳಿಯಿಂದ ಒಬ್ಬಾಕೀನ ನಡಕೊಂತ ಹೋಗ್ತೀನಿ" ಅಂದೆ.

ಅವ್ವ ಶರತ್ತು ಹಾಕಿದಳು: "ಒಂದು ತಿಂಗಳು ನೋಡೂಣು. ರಸ್ತಾದಾಗ ಒಂದ್ ಸಲ ಬಿದ್ದಿ ಅಂದ್ರ ಮುಗೀತು, ಮತ್ತ ಬೈಕ್ ಹತ್ತಬೇಕು. ಆಮ್ಯಾಲೆ ಬಾಯಿ ಮಾಡಬಾರ್ದು."

ಒಪ್ಪಿಕೊಂಡೆ. ಏನೇ ಆಗಲಿ, ಬೀಳುವವಳು ನಾನಲ್ಲ ಎಂದು ಮನಸ್ಸಿನಲ್ಲೇ ಹಟ ಹಿಡಿದೆ.

೧. ಮುರಿದ ಕೋಲು

ಮೂರನೇ ದಿನ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಹಿರಿಯರೊಬ್ಬರಿಗೆ ನನ್ನ ಮೇಲೆ ಕರುಣೆ ಉಕ್ಕಿತು. ಹೇಳಲಿಲ್ಲ, ಕೇಳಲಿಲ್ಲ, ಕೋಲಿನ ತುದಿ ಹಿಡಿದು ಮುಂದೆ ನಡೆದೇಬಿಟ್ಟರು. ನಾನು ಹಿಂದೆ ಜಗ್ಗಿದೆ. ಅವರು ಮುಂದೆ ಜಗ್ಗಿದರು. ನನ್ನದು ಮಡಚುವ ಕೋಲು, ಒಳಗೆ ರಬ್ಬರಿನ ಎಳೆ. ಜಗ್ಗಾಟಕ್ಕೆ ಕೀಲೆಲ್ಲ ಕಳಚಿ, ಅವರ ಕೈಯಲ್ಲಿ ನಾಲ್ಕು ತುಂಡಾಗಿ ಜೋತಾಡಿತು.

"ಅಯ್ಯಯ್ಯೋ, ಮುರೀತ್ರಿ ಅಕ್ಕೋರ! ಇಲ್ಲೇ ನಿಂದರ್ರಿ" ಎನ್ನುತ್ತಾ ಕೋಲು ಬಿಟ್ಟು ಓಡಿದರು.

ತಿರುಗಿ ಬಂದವರು ನನ್ನ ಕೈಗೆ ದಪ್ಪನೆಯ ಜಾಲಿ ಬಡಿಗೆ ಮುಟ್ಟಿಸಿದರು. "ತಗೋರಿ. ಇದು ಅಗದಿ ಗಟ್ಟಿ. ಎಂಟು ವರ್ಷ ಎಮ್ಮಿ ಕಾಯ್ದೈತಿ."

ನಾನು ನನ್ನ ಕೋಲನ್ನೊಮ್ಮೆ ಝಾಡಿಸಿದೆ. ಟಕ್ ಟಕ್ ಟಕ್ ಎಂದು ತುಂಡುಗಳೆಲ್ಲ ಕೂಡಿಕೊಂಡು ಕೋಲು ನೆಟ್ಟಗೆ ನಿಂತಿತು.

"ಕೋಲು ಜಗ್ಗಬ್ಯಾಡ್ರಿ ಕಾಕಾ" ಅಂದೆ. "ನನಗ ಈ ಕೋಲ ಕಣ್ಣು. ಸಹಾಯ ಮಾಡ್ಬೇಕಂದ್ರ ಮೊದಲ ಕೇಳ್ರಿ, ನಾನ ನಿಮ್ಮ ತೋಳು ಹಿಡೀತೀನಿ."

"ತೋಳು ಬ್ಯಾಡ ಬಿಡ್ರಿ ಯವ್ವಾ" ಎಂದು ಅವರು ಹಿಂದೆ ಸರಿದರು. "ಅದನ್ನೂ ಕಳಚಿಗಿಳಚಿ ಕೂಡಿಸೀರಿ!"

೨. ನಿಂತ ಟ್ರ್ಯಾಕ್ಟರ್

ಶಾಲೆಗೆ ಹೋಗಬೇಕಾದರೆ ದೊಡ್ಡ ರಸ್ತೆ ದಾಟಬೇಕು. ಅದಕ್ಕೇ ಪಾಲಕರ ಸಭೆಯಲ್ಲಿ ಎದ್ದು ನಿಂತು ಹೇಳಿದೆ: "ಬಿಳಿ ಕೋಲು ಮುಂದ ಚಾಚಿದವರು ಕಂಡ್ರ ಗಾಡಿ ನಿಲ್ಲಸ್ರಿ." ಎಲ್ಲರೂ ಹೌದ್ರಿ ಹೌದ್ರಿ ಅಂದರು.

ಮರುದಿನ ರಸ್ತೆಯ ಅಂಚಿಗೆ ನಿಂತು ಕೋಲು ಚಾಚಿದೆ. ದೂರದಿಂದ ಟ್ರ್ಯಾಕ್ಟರಿನ ಸಪ್ಪಳ ಹತ್ತಿರ ಬರುತ್ತಿತ್ತು. ಇದ್ದಕ್ಕಿದ್ದಂತೆ ನಿಂತುಹೋಯಿತು. ಹೊಲಕ್ಕೆ ಇಳಿಯಿತೋ, ಬಾಜು ತಿರುಗಿತೋ, ಏನೂ ತಿಳಿಯಲಿಲ್ಲ. ನನಗೆ ರಸ್ತೆಯೆಂದರೆ ಸಪ್ಪಳ. ಸಪ್ಪಳ ಎಲ್ಲಿ ಹೋಯಿತೆಂದು ಗೊತ್ತಾಗದೆ ನಾನು ಹೆಜ್ಜೆ ಇಡುವವಳಲ್ಲ. ನಿಂತೆ. ಸುಮಾರು ಹೊತ್ತು ನಿಂತೆ. ಅದೇ ದಿಕ್ಕಿನಿಂದ ಒಂದು ಬಸ್ಸು ಬಂದು ಹಾರ್ನು ಬಾರಿಸತೊಡಗಿತು. ಆಗ ನನ್ನಿಂದ ಎರಡೇ ಮಾರು ದೂರದಲ್ಲಿ ಒಂದು ದನಿ ಬಸ್ಸಿನವನ ಮೇಲೆ ಹರಿಹಾಯ್ದಿತು.

"ಸುಮ್ನಿರಲೇ! ಅಕ್ಕೋರು ಇನ್ನೂ ದಾಟಿಲ್ಲ!"

ಟ್ರ್ಯಾಕ್ಟರಿನವನು ಭಕ್ತಿಯಿಂದ ಇಂಜಿನ್ ಆರಿಸಿ, ಉಸಿರು ಬಿಗಿಹಿಡಿದು ಕುಳಿತಿದ್ದ!

"ತಮ್ಮಾ, ನಿಲ್ಲಿಸಿದ ಮ್ಯಾಲೆ ಬಾಯಿಬಿಟ್ಟು ಹೇಳಬೇಕೋ ಇಲ್ಲೋ?"

"ಸಭಾದಾಗ ನಿಲ್ಲಸ್ರಿ ಅಂದ್ರಿ, ಮಾತಾಡ್ರಿ ಅನ್ನಲಿಲ್ಲಲ್ರಿ" ಅಂದ.

ತಪ್ಪು ನನ್ನದೇ. ಮುಂದಿನ ಸಭೆಯಲ್ಲಿ ಪಾಠ ತಿದ್ದಿದೆ. ಈಗ ನಾನು ರಸ್ತೆ ಬದಿ ಸುಮ್ಮನೆ ಚಹಾ ಕುಡಿಯುತ್ತಾ ನಿಂತರೂ ನಾಲ್ಕು ಜನ "ನಿಂತೀನ್ರೀ, ದಾಟ್ರೀ!" ಎಂದು ಕೂಗುತ್ತಾರೆ.

೩. ಹೆಸರುಕಾಳಿನ ಕಾವಲು

ಮೂವತ್ತನೇ ದಿನ. ಆ ಸಂಜೆಯೊಂದು ಕಳೆದರೆ ಗೆದ್ದಂತೆ.

ಹೆಸರುಕಾಳಿನ ಸುಗ್ಗಿ. ನಮ್ಮೂರಲ್ಲಿ ಅರ್ಧ ರಸ್ತೆ ವಾಹನಕ್ಕೆ, ಅರ್ಧ ಕಾಳು ಒಣಹಾಕುವುದಕ್ಕೆ. ಸುತ್ತ ಕಲ್ಲು ಇಟ್ಟಿರುತ್ತಾರೆ, ಆಡು ಹೊಡೆಯಲು ಒಬ್ಬರು ಬಡಿಗೆ ಹಿಡಿದು ನಿಂತಿರುತ್ತಾರೆ. ನನ್ನ ಕೋಲಿಗೆ ಕಲ್ಲು ತಗುಲಿತು. ಸುತ್ತುಬಳಸಿ ಹೋಗೋಣವೆಂದು ನಿಂತೆ. ಬಮ್ಮಿಗಟ್ಟಿ ಕಡೆಯಿಂದ ಕೂಲಿಗೆ ಬಂದು ಅಲ್ಲಿ ಕಾಳು ಕಾಯುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ನನ್ನ ಕಣ್ಣು ಕಾಣಲಿಲ್ಲ, ಕೈಯಲ್ಲಿನ ಕೋಲು ಕಂಡಿತು.

"ಯಕ್ಕಾ, ಹೆಂಗೂ ಬಡಿಗಿ ಹಿಡದೀದಿ. ಚೂರು ಕಾಳು ನೋಡ್ಕೊಂತಿರು, ನೀರು ಕುಡದು ಬಂದೆ!" ಎಂದವಳೇ ಹೊರಟುಹೋದಳು.

ಕಣ್ಣು ಹೋದಾಗಿನಿಂದ ಎಲ್ಲರೂ ನನ್ನನ್ನು ಕಾಯುವವರೇ. ನನ್ನನ್ನೇ ಕಾವಲಿಗೆ ನಿಲ್ಲಿಸಿದವಳು ಇವಳೊಬ್ಬಳು. ಖುಷಿಯಾಯಿತು. ಸೆರಗು ಸಿಗಿಸಿ ನಿಂತೆ. ಗೊರಸಿನ ಸಪ್ಪಳ ಬಂದ ಕಡೆ ಕಲ್ಲಿಗೆ ಕೋಲು ಬಡಿದೆ, ಆಡುಗಳು ಓಡಿದವು. ಎರಡು ಸಲ ಬಂದವು, ಎರಡು ಸಲವೂ ಓಡಿದವು.

ಅಷ್ಟರಲ್ಲಿ ಬುರ್ರೆಂದು ಒಂದು ಬೈಕು ನೇರ ಕಲ್ಲಿನ ಸಾಲಿನ ಕಡೆಗೇ ಬಂತು. ಕೋಲು ಅಡ್ಡ ಚಾಚಿ ಗುಡುಗಿದೆ: "ಯಾವನಲೇ ಅಂವ? ಕಣ್ಣು ಕಾಣಂಗಿಲ್ಲೇನು?"

ಬ್ರೇಕಿನ ಚೀತ್ಕಾರ. ಚಕ್ರದಡಿ ಹೆಸರುಕಾಳು ಜಾರಿದ ಸದ್ದು. ಆಮೇಲೆ ಧಡ್ ಎಂದು ಏನೋ ಬಿತ್ತು. ನಮ್ಮ ಮನೆಯ ಕಟ್ಟೆ ಅಲ್ಲಿಂದ ಕೂಗಳತೆ ದೂರ. ಸದ್ದು ಕೇಳಿ ಅವ್ವ ಓಡಿ ಬಂದಳು.

"ಅಯ್ಯ ನನ್ನವ್ವ, ಕಡೀ ದಿನಾನ ಬಿದ್ದೆಲ್ಲಬೇ!"

"ನಾನು ನಿಂತೀನಿ ತಗೋ" ಅಂದೆ. "ಬಿದ್ದಾವ ಯಾವನೋ ನೋಡು."

ಕಾಳಿನ ನಡುವಿನಿಂದ ನರಳುವ ದನಿ ಬಂತು: "ಅಕ್ಕಾ, ನಾನ. ತಡಾ ಆತು, ಕರ್ಕೊಂಡು ಬಾ ಅಂತ ಅವ್ವಾನ ಕಳಿಸಿದ್ಲು."

ಮೊಣಕೈ ತರಚಿದ್ದು ಬಿಟ್ಟರೆ ತಮ್ಮನಿಗೆ ಏನೂ ಆಗಿರಲಿಲ್ಲ. ಅಷ್ಟರಲ್ಲಿ ಕೂಲಿಯವಳೂ ಬಂದಳು. "ಶಾಬಾಸ್ ಯಕ್ಕಾ! ಒಂದು ಆಡು ಸೈತ ಬಾಯಿ ಹಾಕಿಲ್ಲ. ಈ ಕೋಣ ಒಂದು ಹೆಂಗ ಹೊಕ್ಕಿತು?"

ಅವ್ವ ನಗಲಿಲ್ಲ. ಅವಳದು ಮಾತೆಂದರೆ ಮಾತು. ತಮ್ಮನನ್ನು ಎಬ್ಬಿಸಿ, ಬೆನ್ನಿಗಂಟಿದ ಕಾಳು ಝಾಡಿಸಿ, ಬೈಕಿನ ಕೀಲಿ ಕಿತ್ತು ಸೊಂಟಕ್ಕೆ ಸಿಗಿಸಿಕೊಂಡಳು.

"ಶರತ್ತ ಅಂದ್ರ ಶರತ್ತ. ರಸ್ತಾದಾಗ ಬಿದ್ದಾವ ನೀನು. ನಾಳಿಯಿಂದ ಒಬ್ಬನ ಎಲ್ಲೂ ಹೋಗಬ್ಯಾಡ. ಅಕ್ಕನ ತೋಳು ಹಿಡ್ಕೊಂಡು ನಡಿ."