ನಾಲ್ಕು ಚಕ್ರದ ದಾನಪತ್ರ

ದಾನಪತ್ರ ಬರೆಯುವುದರಲ್ಲಿ ಶಿಕಾರಿಪುರ ತಾಲ್ಲೂಕಿನಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ! ಈ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಬೇರೆ ಯಾರೂ ಹೇಳದೇ ಇರುವುದರಿಂದ. ಮೂವತ್ತೊಂದು ವರ್ಷ ನೋಂದಣಿ ಕಚೇರಿಯ ಎದುರು ತಗಡಿನ ಮಾಡಿನ ಕೆಳಗೆ ಕೂತು ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ಬರೆದ ಪತ್ರಬರಹಗಾರ ಸದಾಶಿವಪ್ಪ ನಾನೇ. ಸಹಿ ನೋಡಿದರೆ ಸಾಕು, ಹಾಕಿದವನು ಅಸಲಿಯೋ ನಕಲಿಯೋ ಎಂದು ಹೇಳಿಬಿಡುತ್ತಿದ್ದೆ. ಅಂಥವನಿಗೆ ಒಂದು ಹಳೆಯ ಓಮ್ನಿ ವ್ಯಾನನ್ನು ದಾನ ಕೊಡುವುದು ಯಾವ ಮಹಾ ಕೆಲಸ?

ವ್ಯಾನು ನಮ್ಮ ಹಿತ್ತಲಲ್ಲಿ ಎರಡು ವರ್ಷದಿಂದ ಸುಮ್ಮನೆ ನಿಂತಿತ್ತು. ಓಡಿಸಲು ನನ್ನ ಮಂಡಿ ಒಪ್ಪುತ್ತಿರಲಿಲ್ಲ, ಮಾರಲು ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ಅಷ್ಟರಲ್ಲಿ ಸೊರಬದ ಕಡೆಯಿಂದ ನಾಗವೇಣಿ ಎಂಬ ಆಶಾ ಕಾರ್ಯಕರ್ತೆ ಮಹಿಳಾ ಸಂಘದ ಕಾಗದ ಬರೆಸಲು ಬಂದಳು. ಕ್ಯಾಸನೂರಿನ ಆಚೆ ಕಾಡಂಚಿನ ಹಳ್ಳಿ ಅವಳದು. ಮಂಗನ ಕಾಯಿಲೆಯ ಕಾಲ ಶುರುವಾಗಿದೆ, ಜ್ವರ ಬಂದವರನ್ನು ಆಸ್ಪತ್ರೆಗೆ ಸೇರಿಸಲು ಊರಿನಲ್ಲಿ ಒಂದು ಗಾಡಿ ಇಲ್ಲ, ಬಸ್ಸು ದಿನಕ್ಕೆ ಎರಡೇ ಸಲ ಎಂದು ಹೇಳಿಕೊಂಡಳು. ನನ್ನೊಳಗಿನ ಕರ್ಣ ಎದ್ದು ನಿಂತ.

"ತಗೊಂಡು ಹೋಗವ್ವಾ ನನ್ನ ವ್ಯಾನು. ನಿಮ್ಮ ಸಂಘಕ್ಕೆ ದಾನ ಕೊಟ್ಟೆ" ಎಂದೆ.

ಅಂದೇ ಛಾಪಾ ಕಾಗದ ತಂದು ಬರೆಯಲು ಕೂತೆ. ಜಮೀನಿಗಾದರೆ ನಾಲ್ಕು ದಿಕ್ಕಿನ ಗಡಿ ಹೇಳಬೇಕು, ಅದಕ್ಕೆ ಚೆಕ್ಕುಬಂದಿ ಎನ್ನುತ್ತೇವೆ. ವ್ಯಾನಿಗೂ ಬಿಡಲಿಲ್ಲ. ಮುಂದಕ್ಕೆ ಹೆಡ್‌ಲೈಟು, ಹಿಂದಕ್ಕೆ ಡಿಕ್ಕಿ, ಬಲಕ್ಕೆ ಸ್ಟೇರಿಂಗು, ಎಡಕ್ಕೆ ಒದ್ದರೆ ಮಾತ್ರ ತೆರೆಯುವ ಬಾಗಿಲು, ಈ ಮಧ್ಯೆ ಇರುವ ಸ್ವತ್ತನ್ನು ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಸಹಿತ, ಸೂರ್ಯಚಂದ್ರರಿರುವವರೆಗೆ ಅನುಭವಿಸಿಕೊಂಡು ಬರತಕ್ಕದ್ದು ಎಂದು ಆರು ಪುಟ ಬರೆದೆ. ಹೆಂಡತಿ ರಾಜೇಶ್ವರಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ.

ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೇಳಿದಳು. "ವ್ಯಾನಿನಾಗೆ ತರು ಎಲ್ಲಿ ಬಂತ್ರೀ?"

"ಹಿಂದಿನ ಸೀಟಿನ ಸಂದಿಯಾಗೆ ಹುರುಳಿ ಮೊಳಕೆ ಬಂದಿತ್ತಲ್ಲ, ಅದು."

"ಇಷ್ಟೆಲ್ಲ ಯಾಕೆ? ಆ ಆಫೀಸಿನಾಗೆ ಏನು ಕೇಳ್ತಾರೋ ಅದನ್ನ ಮೊದಲು ವಿಚಾರಿಸ್ರಿ."

ಮೂವತ್ತೊಂದು ವರ್ಷದ ಅನುಭವಕ್ಕೆ ವಿಚಾರಿಸು ಎನ್ನುತ್ತಾಳೆ! ನಾನು ಉತ್ತರ ಕೊಡುವ ಗೋಜಿಗೂ ಹೋಗಲಿಲ್ಲ. ಭಾನುವಾರ ಮೆಕ್ಯಾನಿಕ್ಕು ಬಂದು ವ್ಯಾನನ್ನು ಎಬ್ಬಿಸಿದ. ಅದಕ್ಕೆ ಸೇವಂತಿಗೆ ಹಾರ ಹಾಕಿ, ಅವನ ಕೈಯಲ್ಲೇ ಓಡಿಸಿಕೊಂಡು ನಾಗವೇಣಿಯ ಊರಿಗೆ ತಲುಪಿಸಿ, ಗಂಡಹೆಂಡತಿ ಇಬ್ಬರೂ ತುಳಸಿ ನೀರು ಬಿಟ್ಟು ಧಾರೆ ಎರೆದು ಕೊಟ್ಟೆವು. ಸಂಘದ ಹೆಂಗಸರು ನನಗೆ ಶಾಲು ಹೊದಿಸಿದರು. ನಾನು ಮುಕ್ಕಾಲು ಗಂಟೆ ಮಾತಾಡಿದೆ. ಬರುವಾಗ ಬಸ್ಸಿನಲ್ಲೂ ಶಾಲು ತೆಗೆಯಲಿಲ್ಲ.

ಸೋಮವಾರ ಸಾರಿಗೆ ಕಚೇರಿಗೆ ಹೋದೆ. ಕಿಟಕಿಯಲ್ಲಿ ಪ್ರದೀಪ್ ಎಂಬ ಗುಮಾಸ್ತ ಕೂತಿದ್ದ, ನನ್ನ ಅನುಭವದಷ್ಟೂ ವಯಸ್ಸಿಲ್ಲದವನು. ನನ್ನ ಆರು ಪುಟದ ದಾನಪತ್ರವನ್ನು ಮುಂದೆ, ಹಿಂದೆ ತಿರುಗಿಸಿ ನೋಡಿ, ಇದೇನು ಸರ್ ಮದುವೆ ಕಾಗದವಾ ಎಂದು ಕೇಳಿದ. ಆಮೇಲೆ ಎರಡು ಫಾರಂ ತಳ್ಳಿದ. ಇಪ್ಪತ್ತೊಂಬತ್ತು ಮತ್ತು ಮೂವತ್ತು. ತುಂಬಿ ಸಹಿ ಹಾಕಿದರೆ ಆರ್‌ಸಿ ಸಂಘದ ಹೆಸರಿಗೆ ಹೋಗುತ್ತದೆ, ಅಷ್ಟೇ. ಸೂರ್ಯನೂ ಬೇಡ, ಚಂದ್ರನೂ ಬೇಡ.

ನಾನು ಬಾಲ ಎಳೆದು ಭರ್ಜರಿಯಾಗಿ ಸಹಿ ಹಾಕಿದೆ. ಪ್ರದೀಪ್ ಹಳೆಯ ಫೈಲಿನ ಸಹಿಯ ಪಕ್ಕ ಅದನ್ನು ಹಿಡಿದು ನೋಡಿದ. ತಲೆ ಅಲ್ಲಾಡಿಸಿದ.

"ತಾಳೆ ಆಗ್ತಿಲ್ಲ ಸರ್."

ಈ ಮಾತನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೆನೋ! ನನಗೆ ಒಬ್ಬರು ಹೇಳುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಬಗ್ಗಿ ನೋಡಿದೆ. ಫೈಲಿನಲ್ಲಿದ್ದದ್ದು ನನ್ನ ಸಹಿಯೇ, ಆದರೆ ನನಗಿಂತ ಅಂದವಾಗಿತ್ತು. ಅಕ್ಷರ ದುಂಡಗೆ, ಬಾಲ ನೇರ. ಹದಿನೈದು ವರ್ಷದ ಕೆಳಗೆ, ವ್ಯಾನು ಕೊಂಡಾಗ, ಎಷ್ಟು ಗಟ್ಟಿ ಕೈ ಇತ್ತು ನನಗೆ ಎಂದು ಒಂದು ಕ್ಷಣ ಹೆಮ್ಮೆಯೇ ಆಯಿತು. ಫೋನಿನಲ್ಲಿ ಫೋಟೋ ಹೊಡೆದುಕೊಂಡು ಮನೆಗೆ ಬಂದೆ.

ಅಲ್ಲಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಪೇಪರಿನ ಅಂಚು, ಕ್ಯಾಲೆಂಡರಿನ ಬೆನ್ನು, ಔಷಧಿಯ ಚೀಟಿ, ಎಲ್ಲದರ ಮೇಲೂ ಸಹಿ ಹಾಕಿದೆ. ತಟ್ಟೆಯಲ್ಲಿ ಉಳಿದ ಸಾರಿನಲ್ಲಿ ಬೆರಳಿಂದ ಹಾಕಿದೆ. ರಾಜೇಶ್ವರಮ್ಮ ರೊಟ್ಟಿ ತಟ್ಟಲು ಹರವಿದ್ದ ಹಿಟ್ಟಿನ ಮೇಲೂ ಹಾಕಿ ಬೈಸಿಕೊಂಡೆ. ಏನು ಬರೀತಿದ್ದೀರಿ ಎಂದು ಅವಳು ಹತ್ತಿರ ಬಂದರೆ ಕಾಗದಕ್ಕೆ ಕೈ ಅಡ್ಡ ಇಟ್ಟು, ವಯಸ್ಸಾಯಿತು, ಕೈ ಸ್ವಲ್ಪ ಪಳಗಬೇಕು ಎನ್ನುತ್ತಿದ್ದೆ. ಸಹಿ ಬಾರದ ಪತ್ರಬರಹಗಾರ ಎಂದು ಹೆಂಡತಿಯ ಎದುರು ಒಪ್ಪಿಕೊಳ್ಳುವುದುಂಟೆ!

ಬುಧವಾರ ಪುನಃ ಹೋದೆ. ಪ್ರದೀಪನ ಎದುರು ಬಿಳಿ ಹಾಳೆಯ ಮೇಲೆ ಹನ್ನೆರಡು ಸಲ ಸಹಿ ಹಾಕಿದೆ. ಅವನು ಹನ್ನೆರಡನ್ನೂ ನೋಡಿದ.

"ಸರ್, ಬೇಜಾರು ಮಾಡ್ಕೋಬೇಡಿ. ಇವು ಹನ್ನೆರಡು ಜನ ಹಾಕಿದಂಗಿವೆ."

ಇತ್ತ ನಾಗವೇಣಿ ದಿನಕ್ಕೆರಡು ಸಲ ಫೋನು ಮಾಡುತ್ತಿದ್ದಳು. ಆರ್‌ಸಿ ಬದಲಾಗದೆ ಸಂಘದ ಹೆಸರಿಗೆ ವಿಮೆ ಆಗದು, ವಿಮೆಯಿಲ್ಲದೆ ಅವಳ ಗಂಡ ಅರುಣ ವ್ಯಾನಿನ ಚಾವಿ ಮುಟ್ಟಲೊಲ್ಲ. ಅವನದೂ ತಪ್ಪಲ್ಲ. ಗುರುವಾರ ಮಾತ್ರ ಫೋನಿನಲ್ಲಿ ಅವಳು ಹೇಳಿದ್ದೇ ಬೇರೆ.

"ಅಣ್ಣಾ, ನಿನ್ನೆ ನಮ್ಮ ವರದಮ್ಮಜ್ಜಿಗೆ ಸಿಕ್ಕಾಪಟ್ಟೆ ಜ್ವರ. ಹಾಲಿನ ಟೆಂಪೋದಾಗೆ ಕ್ಯಾನಿನ ಮಧ್ಯೆ ಕೂರಿಸ್ಕಂಡು ಹೋದ್ವಿ. ಈಗ ಪರವಾಗಿಲ್ಲ. ನಿಮ್ಮ ವ್ಯಾನು ಹಾರ ಹಾಕ್ಕೊಂಡು ಇಲ್ಲೇ ನಿಂತೈತೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಶಾಲು ಹೊದ್ದು ಮುಕ್ಕಾಲು ಗಂಟೆ ಮಾತಾಡಿದ್ದು ನೆನಪಾಗಿ ನಾಚಿಕೆಯಾಯಿತು. ನೇರ ಹೋಗಿ ಫೋನನ್ನು ರಾಜೇಶ್ವರಮ್ಮನ ಮುಂದೆ ಹಿಡಿದು ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಇಂಥಾ ಸಹಿ ನನ್ನ ಕೈಯಿಂದ ಇನ್ನು ಈ ಜನ್ಮದಲ್ಲಿ ಬರುವುದಿಲ್ಲ ಎಂದೆ.

ಅವಳು ಕನ್ನಡಕ ಏರಿಸಿ ಫೋಟೋ ನೋಡಿದಳು.

"ಹೆಂಗೆ ಬರ್ತದೆ? ಇದು ನಿಮ್ಮ ಸಹಿ ಅಲ್ರೀ."

"ಮತ್ತೆ ಯಾರದು?"

"ನಂದು."

ನನ್ನ ಪೆನ್ನು ಕಿತ್ತುಕೊಂಡು ಕ್ಯಾಲೆಂಡರಿನ ಹಿಂದೆ 'ಸದಾಶಿವಪ್ಪ' ಎಂದು ಒಂದೇ ಏಟಿಗೆ ಎಳೆದಳು. ಅಕ್ಷರ ದುಂಡಗೆ, ಬಾಲ ನೇರ! ವ್ಯಾನು ಕೊಂಡ ದಿನ ನಾನು ಯಾರದೋ ಮನೆಯ ಪಾಲಿನ ಪಂಚಾಯಿತಿಯಲ್ಲಿ ಮುಳುಗಿದ್ದೆನಂತೆ. ಶೋರೂಮಿನವನು ಕಾಗದ ಹಿಡಿದು ಮನೆಗೆ ಬಂದನಂತೆ. ರಾಹುಕಾಲಕ್ಕೆ ಮುಂಚೆ ಮುಗಿಸಬೇಕೆಂದು ಇವಳೇ ಹಾಕಿ ಕಳಿಸಿದಳಂತೆ. ಮಕ್ಕಳ ಅಂಕಪಟ್ಟಿಗೆ ವರ್ಷಗಟ್ಟಲೆ ನನ್ನ ಹೆಸರು ಹಾಕಿದವಳೂ ಇವಳೇ. ನಾನು ಎಂದೂ ಮನೆಯಲ್ಲಿ ಸಿಗುತ್ತಿರಲಿಲ್ಲವಲ್ಲ.

"ಊರ ಮಂದಿ ಸಹಿ ಎಲ್ಲ ನೋಡಿದ್ರಿ. ಮನೇದು ಒಂದು ದಿನ ನೋಡ್ಲಿಲ್ಲ" ಎಂದಳು.

ಆದರೂ ನನ್ನ ಬುದ್ಧಿ ಹಳೆಯ ಜಾಡಿನಲ್ಲೇ ಓಡಿತು. ಹಾಗಾದರೆ ಫಾರಮ್ಮಿಗೂ ನೀನೇ ಹಾಕಿಬಿಡು, ನಾಳೆ ಬೆಳಿಗ್ಗೆ ಕೊಟ್ಟು ಬರುತ್ತೇನೆ ಎಂದು ಪಿಸುಗುಟ್ಟಿದೆ.

"ಆವಾಗ ತಿಳೀದೆ ಹಾಕಿದೆ. ಈಗ ತಿಳಿದೂ ತಿಳಿದೂ ಹಾಕ್ಲಾ? ನಾಳೆ ಆ ವ್ಯಾನಿನಾಗೆ ಜ್ವರದೋರು ಕೂತಿರ್ತಾರೆ. ನಾನೂ ಬರ್ತೀನಿ, ನಡೀರಿ. ಇದ್ದದ್ದು ಇದ್ದಂಗೆ ಹೇಳಿಬಿಡಾಣ."

ಶುಕ್ರವಾರ ಇಬ್ಬರೂ ಹೋದೆವು. ನಾಗವೇಣಿಯೂ ಸಂಘದ ಮೊಹರು ಹಿಡಿದು ಅಲ್ಲಿಗೇ ಬಂದಿದ್ದಳು. ಇದ್ದದ್ದು ಇದ್ದಂತೆ ಹೇಳಲು ನಾನು ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡಿದ್ದೆ. ಕಿಟಕಿಯ ಮುಂದೆ ನಿಂತು, ಆ ಹಳೆಯ ಸಹಿ ಇದೆಯಲ್ಲ ಎಂದು ಶುರು ಮಾಡಿದೆನಷ್ಟೆ. ಪ್ರದೀಪ್ ನನ್ನ ಮುಖ ನೋಡಿಯೇ ಸುಸ್ತಾದವನಂತೆ ಕೈ ಎತ್ತಿದ. ಸಹಿಯ ಗೊಡವೆಯೇ ಬೇಡ, ನೀವೇ ಮಾಲೀಕರೆಂದು ಆಧಾರ್ ಹೇಳುತ್ತದೆ, ಮೇಲಿನವರನ್ನೂ ಕೇಳಿದ್ದೇನೆ, ಹೆಬ್ಬೆಟ್ಟು ಒತ್ತಿಬಿಡಿ, ಬಲ್ಲವರೊಬ್ಬರು ಸಾಕ್ಷಿ ಹಾಕಲಿ ಎಂದ.

ಹೆಬ್ಬೆಟ್ಟು! ನಾನು! ಸಾವಿರಾರು ಜನರ ಬೆರಳು ಹಿಡಿದು ಕಾಗದಕ್ಕೆ ಒತ್ತಿಸಿದವನು, ಮನಸ್ಸಿನೊಳಗೆ ಪಾಪ ಎಂದುಕೊಂಡವನು. ಮಸಿಯ ಡಬ್ಬಿ ನೋಡಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ರಾಜೇಶ್ವರಮ್ಮ ನನ್ನ ಎಡಗೈ ಹೆಬ್ಬೆರಳನ್ನು ಹಿಡಿದು ಡಬ್ಬಿಗೆ ಅದ್ದಿ ಎರಡೂ ಫಾರಮ್ಮಿಗೆ ಒತ್ತಿಸಿದಳು. ಕೆಳಗೆ ಸಾಕ್ಷಿಯ ಜಾಗದಲ್ಲಿ ತನ್ನ ಹೆಸರು ಬರೆದು, ಅಭ್ಯಾಸಬಲದಿಂದ ಅದಕ್ಕೂ ಒಂದು ನೇರ ಬಾಲ ಎಳೆದಳು.

ಪ್ರದೀಪ್ ಠಸ್ಸೆ ಹೊಡೆದು ರಸೀದಿಯನ್ನು ನಾಗವೇಣಿಯ ಕೈಗೆ ಕೊಟ್ಟ. ಅವಳು ಅಲ್ಲಿಂದಲೇ ವಿಮೆಯವನ ಅಂಗಡಿಗೆ ಓಡಿದಳು, ಓಡುತ್ತಲೇ ಗಂಡನಿಗೆ ಫೋನು ಹಚ್ಚಿ, ಹಾರ ತೆಗೆದು ಗಾಡಿ ಒರೆಸಿಡು ಎಂದಳು. ನನ್ನ ಎದೆಯ ಮೇಲಿಂದ ಒಂದು ವಾರದ ಭಾರ ಇಳಿಯಿತು.

ಹೊರಡಬೇಕೆಂದು ತಿರುಗಿದರೆ, ಪ್ರದೀಪ್ ಇನ್ನೂ ಫೈಲು ಮುಚ್ಚಿರಲಿಲ್ಲ. ಹಳೆಯ ಸಹಿಯನ್ನೊಮ್ಮೆ, ಸಾಕ್ಷಿಯ ಸಹಿಯನ್ನೊಮ್ಮೆ ನೋಡುತ್ತಿದ್ದ. ಎರಡರಲ್ಲೂ ಅದೇ ನೇರ ಬಾಲ! ಅವನು ಮೆಲ್ಲಗೆ ಫೈಲು ಮುಚ್ಚಿ, ನನ್ನನ್ನು ದಾಟಿ ರಾಜೇಶ್ವರಮ್ಮನ ಕಡೆ ನೋಡಿದ.

"ಅಮ್ಮಾ, ಸೋಮವಾರವೇ ನೀವು ಬರಬಾರದಿತ್ತಾ? ಸುಮ್ನೆ ಇವರನ್ನ ಯಾಕೆ ಕಳಿಸಿದ್ರಿ?"