ತುಟಿ ಕೂಡಿದ ವರ

ಮುಖದಲ್ಲಿ ಒಂದು ಸಣ್ಣ ತಿದ್ದುಪಡಿಯನ್ನು ಮಾಡಿಸಿಕೊಂಡವನನ್ನು ಲೋಕವು ಅವನ ಪಾಡಿಗೆ ಬಿಡುವುದಿಲ್ಲ. ಕಂಡವರೆಲ್ಲರೂ ಪರೀಕ್ಷಕರಾಗುತ್ತಾರೆ, ಪರೀಕ್ಷೆಗಳೂ ಒಂದರ ಬೆನ್ನಿಗೊಂದು ಬರುತ್ತಲೇ ಇರುತ್ತವೆ. ಈ ಶತಮಾನವು ಇನ್ನೂ ಎಳೆಯದಾಗಿದ್ದಾಗ, ಚಳ್ಳಕೆರೆಯ ಪಾಠಶಾಲೆಯಲ್ಲಿ ಹೊಸದಾಗಿ ಪಂಡಿತನಾಗಿದ್ದ ನಾನು, ಹಲ್ಲಿಗೆ ತಂತಿಯನ್ನು ಬಿಗಿಸಿಕೊಂಡು ಅನುಭವಿಸಿದ ಆತಂಕಗಳಲ್ಲಿ ಕೆಲವನ್ನು ಇಲ್ಲಿ ನಿವೇದಿಸುತ್ತೇನೆ. ಅಂಥ ತಂತಿಯನ್ನು ಧರಿಸಲು ಮನಸ್ಸು ಮಾಡಿರುವ ತರುಣರು ಮುಂದೆ ಏನನ್ನು ನಿರೀಕ್ಷಿಸಬೇಕೆಂಬುದು ಇದರಿಂದ ತಿಳಿದರೆ ನನ್ನ ನೋವು ಸಾರ್ಥಕ.

೧. ಶಾಸ್ತ್ರವೂ ಅವ್ವನೂ

ನನ್ನ ಮೇಲ್ದವಡೆಯ ಮುಂದಿನ ಹಲ್ಲುಗಳು ಯಾವ ಮನೆಯನ್ನಾದರೂ ನನಗಿಂತ ಒಂದು ಕ್ಷಣ ಮೊದಲೇ ಪ್ರವೇಶಿಸುತ್ತಿದ್ದವು. ನನ್ನ ತುಟಿಗಳೆರಡೂ ಪರಸ್ಪರ ಸಂಧಿಸಿದ್ದನ್ನು ಕಂಡವರೇ ಇರಲಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಜಾತಕವು ಕೂಡುತ್ತಿತ್ತು, ವರನ ಬಾಯಿಯನ್ನು ಕಂಡ ಮೇಲೆ ಮಾತು ಮುರಿಯುತ್ತಿತ್ತು.

“ಉಬ್ಬುಹಲ್ಲು ವಿದ್ವತ್ತಿನ ಲಕ್ಷಣವೆಂದು ಸಾಮುದ್ರಿಕಶಾಸ್ತ್ರದಲ್ಲಿದೆ, ಅವ್ವಾ” ಎಂದು ಸಮಾಧಾನ ಹೇಳಿದೆ.

“ಐತೆ ಬಿಡು. ಆ ಶಾಸ್ತ್ರ ಬಂದು ನಿನಗೆ ಹೆಣ್ಣು ಕೊಡ್ತೈತಾ?” ಎಂದಳು ಅವ್ವ.

ಅಷ್ಟರಲ್ಲಿ ಮೊಳಕಾಲ್ಮೂರಿನಲ್ಲಿದ್ದ ನನ್ನ ಸೋದರಮಾವನು ಅಲ್ಲಿನ ಒಂದು ರೇಷ್ಮೆಮಗ್ಗದ ಮನೆಯಿಂದ ಸಂಬಂಧದ ಸುದ್ದಿಯನ್ನು ಕಳುಹಿಸಿದ. ಬೇಸಗೆಯಲ್ಲಿ ವರನನ್ನು ಕರೆತರಬೇಕೆಂದು ಅವರು ಹೇಳಿದ್ದರಂತೆ. ಇದೂ ತಪ್ಪಿದರೆ ಇನ್ನು ಯಾರ ಬಾಗಿಲಿಗೂ ಹೋಗಲಾರೆನೆಂದು ಅವ್ವ ಕಣ್ಣೊರೆಸಿಕೊಂಡಳು. ಆ ಕಣ್ಣೀರೇ ನನ್ನನ್ನು ಬೆಂಗಳೂರಿನ ದಂಡುಪ್ರದೇಶದಲ್ಲಿದ್ದ ಆಂಗ್ಲ ದೊರೆ ದಂತವೈದ್ಯರ ಕುರ್ಚಿಯವರೆಗೆ ಸಾಗಿಸಿತು. ಅವರು ನನ್ನ ದವಡೆಹಲ್ಲುಗಳಿಗೆ ಪುಟ್ಟ ಬಳೆಗಳನ್ನು ತೊಡಿಸಿ, ಚಿನ್ನದ ತಂತಿಯೊಂದನ್ನು ಬಿಲ್ಲಿನಂತೆ ಬಾಗಿಸಿ, ಮುಂದಿನ ಹಲ್ಲುಗಳನ್ನು ಅದಕ್ಕೆ ಬಂಧಿಸಿದರು. ಬಳಿಕ ದುಭಾಷಿಯ ಮೂಲಕ ಎರಡು ಎಚ್ಚರಿಕೆಗಳನ್ನು ಕೊಟ್ಟರು: ಗಟ್ಟಿಯಾದುದನ್ನು ಅಗಿಯಕೂಡದು, ಅವಧಿಗೆ ಮೊದಲೇ ತಂತಿಯನ್ನು ತೆಗೆದರೆ ಹಲ್ಲುಗಳು ಹಳೆಯ ಸ್ಥಾನಕ್ಕೇ ಮರಳುತ್ತವೆ.

“ನೋವಾಗುವುದೇ ಎಂದು ಕೇಳಿರಿ” ಎಂದು ದುಭಾಷಿಯನ್ನು ಬೇಡಿದೆ.

ಅವನು ದೊರೆಯ ಕಡೆಗೆ ತಿರುಗಲೂ ಇಲ್ಲ. “ಅದಕ್ಕೆ ಅವರನ್ನ ಯಾಕೆ ಕೇಳ್ಬೇಕು ಸ್ವಾಮಿ? ಹೊರಗೆ ಕೂತಿರೋರ ಮುಖ ನೋಡ್ಕಳಿ, ಸಾಕು” ಎಂದ.

೨. ಅಗಿಯದ ಊಟ

ಊರಿಗೆ ಮರಳಿದ ಮೇಲೆ ಒಂದೊಂದು ಹಲ್ಲಿಗೂ ಪ್ರತ್ಯೇಕವಾದ ನಾಡಿಯೊಂದು ಹುಟ್ಟಿಕೊಂಡಿತು. ನಾಲಗೆಯ ತುದಿಯಿಂದ ಹಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿ, ಎಲ್ಲವೂ ಇವೆಯೆಂದು ಖಚಿತವಾದ ಬಳಿಕವೇ ಹಾಸಿಗೆಯಿಂದ ಏಳುತ್ತಿದ್ದೆ. ತಂತಿಯು ಮುರಿದು ಹೊಟ್ಟೆಗಿಳಿದರೆ ಗತಿಯೇನೆಂಬ ಚಿಂತೆ ಬೇರೆ. ರೊಟ್ಟಿ, ಚಕ್ಕುಲಿ, ಹುರಿಗಡಲೆಗಳನ್ನು ಅವ್ವ ನನ್ನ ಕಣ್ಣಿಗೆ ಬೀಳದಂತೆ ಅಟ್ಟಕ್ಕೇರಿಸಿದಳು.

ತಂತಿಯನ್ನು ಬಿಗಿಗೊಳಿಸಲು ಮತ್ತೆ ಬೆಂಗಳೂರಿಗೆ ಹೋದಾಗ, ಅದು ಎಳ್ಳಷ್ಟೂ ಸಡಿಲದಿರುವುದನ್ನು ಕಂಡು ದೊರೆ ಆಶ್ಚರ್ಯಪಟ್ಟರು. ಉಣ್ಣುವುದೇನೆಂದು ವಿಚಾರಿಸಿದರು.

“ರಾಗಿಮುದ್ದೆ” ಎಂದೆ.

“ಚೆನ್ನಾಗಿ ಅಗಿಯುವಿರಾ?”

“ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ನಮ್ಮ ಸೀಮೆಯಲ್ಲಿ ಎಲ್ಲರೂ ಹಾಗೆಯೇ.”

ದೊರೆ ಇಕ್ಕುಳವನ್ನು ಕೆಳಗಿಟ್ಟರು. ಅವರು ಗೊಣಗಿದ್ದನ್ನು ದುಭಾಷಿ ಕನ್ನಡಿಸಿದ: “ಹಂಗಾದ್ರೆ ನಿಮ್ಮೂರಲ್ಲಿ ಹಲ್ಲು ಯಾತಕ್ಕೆ ಇಟ್ಕಂಡಿದೀರಿ ಅಂತ ಕೇಳ್ತಾವ್ರೆ.”

೩. ದಲ್ಲಾಳಿಯ ಸಂದೇಹ

ನಮ್ಮ ನೆರೆಮನೆಯವನು ಎತ್ತನ್ನು ಕೊಳ್ಳಲು ದೊಡ್ಡಉಳ್ಳಾರ್ತಿಗೆ ಹೊರಟಾಗ, ಅಲ್ಲಿನ ಹುಲ್ಲುಗಾವಲಿನ ಗಾಳಿಯಿಂದಾದರೂ ನೋವು ಮರೆತುಹೋಗಲೆಂದು ಜೊತೆಗೆ ಹೋದೆ. ಎತ್ತಿನ ವಯಸ್ಸನ್ನು ಹಲ್ಲಿನಿಂದ ತಿಳಿಯುವುದು ವಾಡಿಕೆಯಷ್ಟೆ. ದಲ್ಲಾಳಿಯು ಎತ್ತಿನ ತುಟಿಯನ್ನು ಮೇಲೆತ್ತಿ ತೋರಿಸುತ್ತಿದ್ದಾಗ, ಕುತೂಹಲದಿಂದ ಬಾಗಿದ ನನ್ನ ಬಾಯಿಯೂ ತಾನಾಗಿ ತೆರೆದುಕೊಂಡಿತು. ತಂತಿಯು ಬಿಸಿಲಿಗೆ ಫಳಕ್ಕನೆ ಮಿಂಚಿತು. ದಲ್ಲಾಳಿ ಎತ್ತನ್ನು ಬಿಟ್ಟು ನನ್ನ ಬಳಿಗೆ ಬಂದ.

“ಲೇ, ಎಲ್ಲಾ ಬರ್ರೋ ಇಲ್ಲಿ!” ಎಂದು ಮಿಕ್ಕ ದಲ್ಲಾಳಿಗಳನ್ನು ಕೂಗಿ ನನಗೆ ಕೈಮುಗಿದ. “ಸ್ವಾಮೇರಾ, ಮುದಿ ಎತ್ತಿನ ಕೊಂಬು ಹೆರೆದು, ಎಣ್ಣೆ ಹಚ್ಚಿ, ಹೋರಿ ಅಂತ ನಾವೂ ಮಾರೀವಿ. ಹಲ್ಲಿಗೆ ತಂತಿ ಕಟ್ಟಿ ಮಾರೋದು ನಮ್ಮಪ್ಪಂಗೂ ಹೊಳೀಲಿಲ್ಲ. ನಿಮ್ಮನ್ನ ಯಾವ ಸಂತೆಗೆ ಹೊಡ್ಕಂಡು ಹೊಂಟವ್ರೆ?”

ನಾನು ಬಾಯಿ ಮುಚ್ಚುವುದರೊಳಗೆ ನಮ್ಮ ನೆರೆಮನೆಯವನು ಉತ್ತರಿಸಿಬಿಟ್ಟ: “ಮೊಳಕಾಲ್ಮೂರಿಗೆ.”

೪. ಕಲಾಯಿ

ಮೊಳಕಾಲ್ಮೂರಿಗೆ ಹೊರಡುವ ಹಿಂದಿನ ದಿನವೇ ತಂತಿಯ ಒಂದು ತುದಿ ಬಳೆಯಿಂದ ಜಾರಿ ಕೆನ್ನೆಯ ಒಳಭಾಗಕ್ಕೆ ಚುಚ್ಚತೊಡಗಿತು. ಬೆಂಗಳೂರಿಗೆ ಹೋಗಿಬರಲು ಕಾಲವಿರಲಿಲ್ಲ. ಬೀದಿಯಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುವ ಸಾಹೇಬರ ಕೂಗು ಕೇಳಿದ್ದೇ ತಡ, ಅವ್ವ ಓಡಿಹೋಗಿ ಅವರನ್ನು ಕರೆತಂದಳು. ತಿದಿ, ಇದ್ದಿಲು, ನವಸಾಗರಗಳನ್ನು ಕಂಡು ನನ್ನ ಜೀವವೇ ಹಾರಿತು. ಅವರಾದರೂ ನನಗಿಂತ ಹೆಚ್ಚು ಬೆದರಿದ್ದರು.

“ಯಾ ಅಲ್ಲಾ! ಪಾತ್ರೆ ಆದ್ರೆ ಒಲೆ ಮೇಲೆ ಇಡ್ತೀನಿ ಅಮ್ಮಾ. ಪಂಡಿತರನ್ನ ಎಲ್ಲಿ ಇಡ್ಲಿ?”

“ಕಂಬಕ್ಕೆ ಒರಗಿಸ್ರಿ. ತಲೆ ನಾನು ಹಿಡ್ಕಂತೀನಿ” ಎಂದಳು ಅವ್ವ.

ಸಾಹೇಬರು ದೇವರನ್ನು ನೆನೆದು, ಇಕ್ಕುಳದಿಂದ ತಂತಿಯನ್ನು ಮೆಲ್ಲನೆ ಬಳೆಗೆ ಸೇರಿಸಿ ಅದುಮಿದರು. ಕೆಲಸವು ಅಲ್ಲಿಗೇ ಮುಗಿದಿತ್ತು. ಆದರೆ ಅಭ್ಯಾಸಬಲದಿಂದ ಹತ್ತಿಯ ಉಂಡೆಯೊಂದನ್ನು ತೆಗೆದುಕೊಂಡು ನನ್ನ ಹಲ್ಲುಗಳನ್ನೆಲ್ಲ ಒಂದು ಸುತ್ತು ತಿಕ್ಕಿ, ಹಿಂದೆ ಸರಿದು ನೋಡಿ, ಅವ್ವನಿಗೆ ಹೇಳಿದರು: “ದೀವಾಳಿ ತನಕ ಯೋಚ್ನೆ ಇಲ್ಲ. ಹುಳಿ ಮಾತ್ರ ಹಾಕ್ಬ್ಯಾಡ್ರಿ.”

೫. ಮಾದರಿಯೊಂದು, ಸೀರೆಯೊಂದು

ಮೊಳಕಾಲ್ಮೂರಿನ ಆ ಮನೆಯ ಪಡಸಾಲೆಯಲ್ಲಿ ನಮ್ಮನ್ನು ಮಗ್ಗದ ಎದುರಿಗೆ ಕುಳ್ಳಿರಿಸಿದರು. ಗಾಡಿಯಲ್ಲಿ ಬರುವಾಗಲೇ ಅವ್ವ ಆಜ್ಞಾಪಿಸಿದ್ದಳು: “ಏನು ಕೇಳಿದ್ರೂ ತಲೆ ಆಡ್ಸು. ಬಾಯಿ ತೆಗೆದ್ಯೋ, ಸಂಬಂಧ ಹೋಯ್ತು.” ಈಗ ಹಲ್ಲುಗಳು ಎಷ್ಟೋ ಹಿಂದೆ ಸರಿದು ನನ್ನ ತುಟಿಗಳು ಸಂಧಿಸುತ್ತಿದ್ದವು. ಜನ್ಮದಲ್ಲಿ ಮೊದಲ ಬಾರಿಗೆ ನಾನು ಬಾಯಿ ಮುಚ್ಚಿ ಕುಳಿತೆ. ಮಗ್ಗದ ಹಿಂದಿನ ಬಾಗಿಲ ಸಂದಿಯಲ್ಲಿ ಎರಡು ದೊಡ್ಡ ಕಣ್ಣುಗಳು ಕಂಡವು. ಈ ಮನೆಯಿಂದ ಬರಿಗೈಯಲ್ಲಿ ಹಿಂದಿರುಗಬಾರದೆಂದು ಆ ಕ್ಷಣದಲ್ಲಿ ಅವ್ವನಿಗಿಂತ ನನಗೇ ಹೆಚ್ಚಾಗಿ ಅನ್ನಿಸಿತು.

ಹುಡುಗಿಯ ತಾತನವರು ಬಂದರು. ಸೀರೆಯ ಅಂಚನ್ನು ಪರೀಕ್ಷಿಸುವವರಂತೆ ನನ್ನ ಮುಖದ ಸಮೀಪಕ್ಕೆ ಬಾಗಿ, ಎಡದಿಂದ ಬಲಕ್ಕೆ ನೋಡಿ, ಥಟ್ಟನೆ ನೆಟ್ಟಗಾದರು.

“ಏಮಯ್ಯಾ ಇದು! ತುಟಿ ಕೂಡ್ತಾವಲ್ಲ!” ಎಂದು ನನ್ನ ಸೋದರಮಾವನ ಮೇಲೆ ಹರಿಹಾಯ್ದರು. “ಉಬ್ಬುಹಲ್ಲಿನ ಹುಡುಗ, ಸಾಮುದ್ರಿಕದ ಪ್ರಕಾರ ಮಹಾಪಂಡಿತ ಅಂತ ನೀನು ಹೇಳಿದ್ದಕ್ಕೇ ನಾನು ಒಪ್ಪಿದ್ದು. ಮಾದರಿ ಒಂದು ತೋರ್ಸಿ, ಬೇರೆ ಸೀರೆ ಮಡಚಿ ಕೊಡ್ತೀಯಾ? ಯಾರನ್ನ ತಂದಿದೀಯಾ ಇಲ್ಲಿಗೆ?”

ಅವ್ವ ತಮ್ಮನ ಕಡೆಗೆ ತಿರುಗಿದಳು. “ಅವರಿಗೆ ಹಲ್ಲೇ ಬೇಕು ಅಂತ ನನಗ್ಯಾಕೋ ಹೇಳ್ಲಿಲ್ಲ?”

“ಬಾಯಲ್ಲಿರೋ ಹಲ್ಲು ಎಲ್ಲಿಗಾದ್ರೂ ಹೋಗ್ತಾವೆ ಅಂತ ನನಗೇನು ಗೊತ್ತಿತ್ತು ಅಕ್ಕಾ?” ಎಂದು ಅವನು ಬೆವರೊರೆಸಿಕೊಂಡ.

ಇನ್ನು ಮೌನದಲ್ಲಿ ಫಲವಿರಲಿಲ್ಲ. ನಾನು ಬಾಯಿ ತೆರೆದು ತಂತಿಯನ್ನು ತೋರಿಸಿ, ನಾನು ನಾನೇ ಎಂದು ಪ್ರಮಾಣ ಮಾಡಿದೆ. ತಾತನವರು ನೋಡಿದರು, ಆದರೆ ಕರಗಲಿಲ್ಲ. “ಲಕ್ಷಣ ಹೋದ ಮೇಲೆ ವಿದ್ಯೆ ನಿಲ್ತದೇನಯ್ಯಾ?” ಎಂದು ಎದ್ದುನಿಂತರು.

ಆಗ ಬಾಗಿಲ ಸಂದಿಯಿಂದ ಸಣ್ಣ ದನಿಯೊಂದು ಕೇಳಿಸಿತು: “ತಾತಾ, ಮಗ್ಗದ ಬಿಗಿ ಬಿಟ್ರೆ ಹಾಸಿನ ನೂಲು ಸಡ್ಲ ಆಗಲ್ವಾ? ತಂತಿ ಬಿಚ್ಚಿದ್ರೆ ಹಲ್ಲೂ ಮುಂದಕ್ಕೆ ಬರ್ತಾವೇನೋ, ಕೇಳು.”

“ಬರುತ್ತವೆ! ದೊರೆಯೇ ಹೇಳಿದ್ದಾರೆ!” ಎಂದು ನಾನು ಪಡಸಾಲೆ ಮೊಳಗುವಂತೆ ಕೂಗಿದೆ.

ತಾತನವರು ತೀರ್ಪಿತ್ತರು: “ಹಲ್ಲು ಬರ್ಲಿ. ಆಮೇಲೆ ಲಗ್ನ.”

ಹಿಂದಿರುಗುವ ಗಾಡಿಯಲ್ಲಿ ಅವ್ವ ಒಂದೇ ಒಂದು ಮಾತನ್ನಾಡಿದಳು: “ಊರು ಮುಟ್ಟಿದ ಕೂಡ್ಲೆ ಆ ಕಲಾಯಿ ಸಾಹೇಬ್ರನ್ನ ಕರೀಬೇಕು.”

ತಂತಿ ಹೋಯಿತು. ಹಲ್ಲುಗಳು ದೊರೆಯ ಮಾತನ್ನು ಸುಳ್ಳು ಮಾಡದೆ ಒಂದೊಂದಾಗಿ ಮುಂದಕ್ಕೆ ಹೊರಟವು. ಮಳೆಗಾಲ ಕಳೆದ ಮೇಲೆ ತಾತನವರು ತಾವೇ ಚಳ್ಳಕೆರೆಗೆ ಬಂದು, ನನ್ನನ್ನು ಬೆಳಕಿಗೆ ತಿರುಗಿಸಿ, “ತುಟಿ ಮುಚ್ಚು” ಎಂದರು. ಎಷ್ಟು ಪ್ರಯತ್ನಿಸಿದರೂ ಮುಚ್ಚಲಾಗಲಿಲ್ಲ. ಆದರೂ ಅವರು ಹುಬ್ಬು ಗಂಟಿಕ್ಕಿ, “ಮೊದ್ಲಿನಷ್ಟು ಬಂದಂಗೆ ಕಾಣಲ್ಲ” ಎಂದು ಅನುಮಾನಿಸಿದರು.

ಆ ಹಲ್ಲುಗಳಿಗಾಗಿ ಊರೂರು ಅಲೆದು ಅತ್ತಿದ್ದ ನನ್ನ ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಳು. “ನೀವು ಮುಹೂರ್ತ ಇಡ್ಸಿ ಯಜಮಾನ್ರೇ. ಇನ್ನೂ ಬರ್ತಾವೆ. ನಮ್ಮ ಮನೇತನದ ಹಲ್ಲು ಅವು, ಒಪ್ಕಂಡ ಮೇಲೆ ಹಿಂದೆ ಸರಿಯಲ್ಲ!”