ಕೊತ್ತಂಬರಿ ಬ್ಯಾನರು

ನಾನು ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ಮನುಷ್ಯ. ಒಂದು ಸಾಲನ್ನು ಇಲ್ಲಿಂದ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡುವುದು ನನಗೊಂದು ಕೆಲಸವೇ?

ನನ್ನ ಹೆಂಡತಿ ಸುಮನಾ ನಾವಿರುವ ಈ ಪರದೇಶದ ಊರಿನಲ್ಲಿ, ಏವನ್‌ಡೇಲ್‌ನ ಭಾನುವಾರದ ಸಂತೆಯಲ್ಲಿ ಮೊದಲ ಸಲ ಹೋಳಿಗೆ ಅಂಗಡಿ ಹಾಕುವವಳಿದ್ದಳು. "ಒಬ್ರೂ ಬರ್ಲಿಲ್ಲ ಅಂದ್ರೆ ಏನ್ರೀ ಮಾಡೋದು?" ಎಂದು ಅವಳಿಗೆ ನಿದ್ದೆಯೇ ಇಲ್ಲ.

"ಬ್ಯಾನರ್ ನನಗೆ ಬಿಡು. ಜನ ಮುಗಿಬೀಳ್ತಾರೆ!" ಎಂದು ಅಭಯವಿತ್ತೆ.

'ಬನ್ನಿ, ಬಿಸಿ ಬಿಸಿ ಹೋಳಿಗೆ ತಿನ್ನಿ' ಎಂದು ಓಬೀರಾಯನ ಕಾಲದ ನನ್ನ ಕನ್ನಡ ತಂತ್ರಾಂಶದಲ್ಲಿ ಟೈಪಿಸಿ, ಬ್ಯಾನರಿನ ಪ್ರೋಗ್ರಾಮಿಗೆ ಪೇಸ್ಟ್ ಮಾಡಿದೆ. ಬಂದದ್ದು '§¤ß, ©¹ ©¹'! ಫಾಂಟ್ ಬದಲಿಸಿದೆ. ಬರೀ ಚೌಕಗಳು! ಇನ್ನೊಂದು ಹಾಕಿದರೆ ಒತ್ತಕ್ಷರಗಳೆಲ್ಲ ಮುನಿಸಿಕೊಂಡು ದೂರ ದೂರ ನಿಂತವು.

ಅಷ್ಟರಲ್ಲಿ ಆಫೀಸಿನ ಆ ಕಂಪ್ಯೂಟರಿಗೇ ಸುಮನಾಳ ಮೆಸೇಜು ಬಂತು. ನನ್ನ ಮರೆವು ನನಗೇ ಗೊತ್ತಲ್ಲ, ಅದನ್ನು ಕಾಪಿ ಮಾಡಿ ಸಾಮಾನಿನ ಚೀಟಿಗೆ ಅಂಟಿಸಿಕೊಂಡು ಮತ್ತೆ ಯುದ್ಧಕ್ಕಿಳಿದೆ. ಹೋಳಿಗೆಯ ಸಾಲಿಗೆ ಹೋಗಿ ಕಾಪಿ ಒತ್ತಿದೆ, ಬ್ಯಾನರಿಗೆ ಬಂದು ಪೇಸ್ಟ್ ಒತ್ತಿದೆ. ಆಹಾ! ಮುತ್ತಿನಂಥ ಅಕ್ಷರಗಳು! ದೀರ್ಘ ಸರಿ, ಒತ್ತು ಸರಿ. ಒಂದೊಂದು ಅಕ್ಷರವನ್ನೂ ಕಣ್ತುಂಬ ನೋಡಿದೆ. ಓದಲಿಲ್ಲ! ಸೀದಾ ಪ್ರಿಂಟಿಗೆ ಕಳಿಸಿಬಿಟ್ಟೆ.

ಭಾನುವಾರ ಸಂತೆಯಲ್ಲಿ ಬ್ಯಾನರ್ ಬಿಚ್ಚಿದೆವು. 'ಬರ್ತಾ ಕೊತ್ತಂಬರಿ ಸೊಪ್ಪು ತನ್ನಿ. ಹೋದ ಸಲದ ಹಾಗೆ ಕೈಬೀಸಿಕೊಂಡು ಬರಬೇಡಿ!'

ನನ್ನ ಹಳೇ ತಂತ್ರಾಂಶ ಸದ್ದಿಲ್ಲದೆ ಕೈಕೊಟ್ಟಿತ್ತು. ಕೊನೆಯ ಸಲ ಕಾಪಿ ಆಗಿಯೇ ಇರಲಿಲ್ಲ. ಅದಕ್ಕೂ ಮುಂಚೆ ಕಾಪಿ ಮಾಡಿದ್ದ ಹೆಂಡತಿಯ ಮೆಸೇಜೇ ಬಂದು ಕೂತಿತ್ತು!

ಸುಮನಾಳ ಕಣ್ಣಲ್ಲಿ ನೀರು. "ಈಗ ಇದನ್ನ ಕಟ್ಲೋ, ನಿಮ್ಮನ್ನ ಕಟ್ಲೋ?"

ಬೇರೆ ದಾರಿಯಿಲ್ಲದೆ ಅದನ್ನೇ ಕಟ್ಟಿದೆವು. ನಮ್ಮ ಮೌಂಟ್ ರಾಸ್ಕಿಲ್‌ನ ಶಾಂತಾ ಆಂಟಿ ಬಂದವರು ಓದಿ, ಹೊಟ್ಟೆ ಹಿಡಿದುಕೊಂಡು ನಕ್ಕು, ಫೋಟೋ ತೆಗೆದು ಕನ್ನಡದವರ ಗುಂಪಿಗೆಲ್ಲ ಕಳಿಸಿದರು. ಪಕ್ಕದ ತರಕಾರಿಯವನ ಹತ್ತಿರ ಒಂದು ಕಟ್ಟು ಕೊಂಡು ತಂದು, "ತಗೋಳಮ್ಮ ಕೊತ್ತಂಬರಿ. ಈಗ ಹೋಳಿಗೆ ಕೊಡು!" ಎಂದರು.

ಆಮೇಲೆ ಬಂದ ಕನ್ನಡಿಗರ ಕೈಯಲ್ಲೆಲ್ಲ ಕೊತ್ತಂಬರಿ! ಇದೇ ನಮ್ಮ ಸಂಪ್ರದಾಯವೆಂದುಕೊಂಡು ಈ ದೇಶದವರೇ ಆದ ಒಂದು ಕಿವೀ ದಂಪತಿಯೂ ಭಕ್ತಿಯಿಂದ ಕಟ್ಟು ಹಿಡಿದು ಸಾಲಿನಲ್ಲಿ ನಿಂತರು. ಮಧ್ಯಾಹ್ನದೊಳಗೆ ಹೋಳಿಗೆ ಖಾಲಿ.

"ಮುಂದಿನ ವಾರಾನೂ ಇದೇ ಬ್ಯಾನರ್ ಇರ್ಲಿ ಕಣ್ರೀ!" ಸುಮನಾ ನಗುನಗುತ್ತ ಹೇಳಿದಳು. ನನಗೆ ಜೀವ ಬಂದಂತಾಯಿತು.

"ನೋಡಿದ್ಯಾ ನನ್ನ ಐಡಿಯಾ!" ಎಂದು ಕಾಲರ್ ಎತ್ತಿಕೊಂಡೆ.

ಮನೆಗೆ ಬಂದ ಮೇಲೆ ಅವಳು ಸೊಪ್ಪನ್ನೆಲ್ಲ ಮೇಜಿನ ಮೇಲೆ ಸುರಿದಳು. ಫ್ರಿಜ್ಜು ತೆಗೆದು, ತನ್ನ ಆ ಮೆಸೇಜಿನಂತೆ ಅಂದು ನಾನು ತಂದಿದ್ದ ಕಟ್ಟನ್ನೂ ಪಕ್ಕದಲ್ಲಿಟ್ಟಳು.

"ಕನ್ನಡ ಬಾರದ ಆ ದಂಪತಿ ಕೂಡ ಕೊತ್ತಂಬರೀನೇ ತಂದ್ರು ನೋಡಿ. ನೀವು ತಂದಿದ್ದು ಪುದೀನ!"